ಗೆದ್ದ ತಾಯಿಯ ವೆಚ್ಚ ಯಾರ ಪಾಲು?

'ಗೆದ್ದವ ಸೋತ, ಸೋತವ ಸತ್ತ' ಎಂಬುದು ವ್ಯಾಜ್ಯದ ಕಷ್ಟವನ್ನು ಉಂಡ ನಮ್ಮ ಹಿರಿಯರ ಮಾತು. ಗದ್ದೆಯ ಬದುವಿಗಾಗಿ ಹೂಡಿದ ದಾವೆಗೆ ಈ ಮಾತು ಸಲ್ಲಬಹುದು. ಮಗುವಿನ ಅಕ್ಷರಕ್ಕಾಗಿ ಹೋರಾಡುವ ತಾಯಿತಂದೆಗಳಿಗೂ ಅದು ಸಲ್ಲಬೇಕೆ?

ಭದ್ರಾವತಿಯ ಓಲ್ಡ್ ಟೌನಿನಲ್ಲಿ ದಿನಗೂಲಿಯಿಂದ ಬದುಕುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಕಿವಿ ಕೇಳಿಸದ ಆಕೆಯ ಮಗನನ್ನು ಸಮೀಪದ ಶಾಲೆ ಸೇರಿಸಿಕೊಳ್ಳಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 31ನೆಯ ಕಲಮು, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆದರೆ ದೂರು ಆಲಿಸುವ ರಾಜ್ಯ ಆಯುಕ್ತರ ಕಚೇರಿಯೂ ಉಚ್ಚ ನ್ಯಾಯಾಲಯವೂ ಇರುವುದು ಸುಮಾರು 250 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಪ್ರಯಾಣ, ತಜ್ಞರ ವರದಿ, ವಕೀಲರ ಶುಲ್ಕ, ಕಳೆದುಹೋದ ಕೂಲಿ ಇವೆಲ್ಲವನ್ನೂ ಭರಿಸಿ ಆಕೆ ಗೆದ್ದಳೆನ್ನೋಣ. ಆ ವೆಚ್ಚವನ್ನು ಹಿಂದಿರುಗಿಸುವವರಾರು?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಸ್ತ್ರೀಯರು, ಮಕ್ಕಳು ಹಾಗೂ ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ವಕೀಲರು ದೊರೆಯುತ್ತಾರೆ. ಇದನ್ನು ಪ್ರತಿಯೊಬ್ಬ ಉಪಾಧ್ಯಾಯರೂ ಪೋಷಕರಿಗೆ ತಿಳಿಸಬೇಕು. ಆದರೂ ಕಳೆದ ಕೂಲಿಯನ್ನು ಈ ನೆರವು ತುಂಬಿಕೊಡದು. 2016ರ ಅಧಿನಿಯಮವಾದರೋ, ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿಗಳವರೆಗೆ ದಂಡವನ್ನು ಹೇಳುತ್ತದೆ. ದಂಡ ತಪ್ಪಿಗೆ ಶಿಕ್ಷೆಯೇ ಹೊರತು ತಾಯಿಯ ವೆಚ್ಚಕ್ಕೆ ಪರಿಹಾರವಲ್ಲ. ಗೆದ್ದ ಪೋಷಕರಿಗೆ ವೆಚ್ಚ ಕೊಡಿಸುವ ಪ್ರತ್ಯೇಕ ಕಲಮು ಅದರಲ್ಲಿಲ್ಲ.

ವೆಚ್ಚದ ತತ್ತ್ವ ನಮ್ಮ ನ್ಯಾಯಪದ್ಧತಿಗೆ ಹೊಸದೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮು ನ್ಯಾಯಾಲಯಕ್ಕೆ ಆ ಅಧಿಕಾರವನ್ನು ಕೊಟ್ಟಿದೆ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವೆಚ್ಚವು ನೈಜವೂ ಸಮಂಜಸವೂ ಆಗಿರಬೇಕು, ವ್ಯಯವಾದ ಕಾಲ, ಪ್ರಯಾಣ, ವಸತಿಗಳೂ ಅದರಲ್ಲಿ ಸೇರಬೇಕು ಎಂದಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ವಿಶೇಷ ಶಿಕ್ಷಣದ ವ್ಯಾಜ್ಯದಲ್ಲಿ ವಕೀಲಶುಲ್ಕವನ್ನು ನಿರಾಕರಿಸಿದಾಗ, ಅಲ್ಲಿನ ಶಾಸನಸಭೆ 1986ರಲ್ಲಿಯೇ ಕಾಯಿದೆ ಮಾಡಿ ಗೆದ್ದ ಪೋಷಕರಿಗೆ ಅದನ್ನು ಕೊಡಿಸುವ ದಾರಿ ತೆರೆಯಿತು. ತಜ್ಞರ ಶುಲ್ಕ ಅದರಲ್ಲಿ ಸೇರದೆಂದು 2006ರಲ್ಲಿ ಮತ್ತೊಂದು ತೀರ್ಪು ಬಂದಿತು. ಈ ಕೊರತೆಯಿಂದಲೂ ನಾವು ಕಲಿಯಬೇಕಾದುದುಂಟು.

ವೆಚ್ಚ ಕೊಡಿಸತೊಡಗಿದರೆ ಸಣ್ಣ ಶಾಲೆಗಳು ಮುಳುಗಿಹೋಗುವುವೆಂದು ಕೆಲವರು ಆಕ್ಷೇಪಿಸಬಹುದು. ಆ ಆತಂಕಕ್ಕೂ ಅಮೆರಿಕದ ಕಾಯಿದೆಯಲ್ಲಿ ಉತ್ತರವಿದೆ. ಶಾಲೆ ಲಿಖಿತವಾಗಿ ಮುಂದಿಟ್ಟ ರಾಜಿಯನ್ನು ಪೋಷಕರು ತಳ್ಳಿಹಾಕಿ, ಕೊನೆಗೆ ಅದಕ್ಕಿಂತ ಹೆಚ್ಚಿನದನ್ನು ಪಡೆಯದಿದ್ದರೆ, ಆ ನಂತರದ ವಕೀಲಶುಲ್ಕ ಅವರಿಗೆ ಸಾಮಾನ್ಯವಾಗಿ ಸಿಗದು. ಹೀಗೆ ಈ ನಿಯಮ ವ್ಯಾಜ್ಯವನ್ನು ಬೆಳೆಸುವುದಕ್ಕಿಂತ ಶಾಲೆಯನ್ನು ಬೇಗ ಮಾತುಕತೆಗೆ ಕೂರಿಸುತ್ತದೆ.

ಆದುದರಿಂದ ಶಾಸನ ತಿದ್ದುಪಡಿಯಾಗಲಿ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಶಿಕ್ಷಣಸಂಸ್ಥೆಗಳಿಗೆ ಶೋಭಿಸದು. ನಮ್ಮಂಥ ಸಂಸ್ಥೆಗಳ ಆಡಳಿತ ಮಂಡಳಿಗಳೇ ಒಂದು ನಿರ್ಣಯವನ್ನು ಅಂಗೀಕರಿಸಬಹುದು: ವಿಕಲಚೇತನ ಮಗುವಿನ ವಿಷಯದಲ್ಲಿ ನಮ್ಮ ತಪ್ಪು ಸಿದ್ಧವಾದರೆ, ಪೋಷಕರ ಸಮಂಜಸ ವೆಚ್ಚವನ್ನು ಕೇಳುವ ಮೊದಲೇ ಸಂಸ್ಥೆ ಕೊಡತಕ್ಕದ್ದು.

ದಾನಿ ಮಹಾಶಯರಲ್ಲಿಯೂ ಒಂದು ವಿಜ್ಞಾಪನೆ. ತಾವು ಅಕ್ಷರಕ್ಕೆಂದು ಕೊಟ್ಟ ಹಣ ಒಂದು ಮಗುವನ್ನು ಬಾಗಿಲ ಹೊರಗೆ ನಿಲ್ಲಿಸಲು ವಕೀಲರಿಗೆ ಸಂದಾಯವಾಗಬಾರದು. ಲೆಕ್ಕಪತ್ರದಲ್ಲಿ ಆ ಬಾಬನ್ನು ತಾವು ಕೇಳಿ ನೋಡಬೇಕು. ಅದೇ ಹಣದಲ್ಲಿ ಒಬ್ಬ ವಿಶೇಷ ಶಿಕ್ಷಕರನ್ನು ನೇಮಿಸಿಕೊಂಡರೆ ಆ ತಾಯಿ ಬೆಂಗಳೂರಿನ ರೈಲು ಹತ್ತುವ ಪ್ರಮೇಯವೇ ಬರುವುದಿಲ್ಲ.