ಅಕ್ಷರ ಬಾರದವರ ಆಸೆಗೂ ಗೋಡೆ ಬೇಕು

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕ್ಯಾಂಡಿ ಚಾಂಗ್ ಎಂಬ ಕಲಾವಿದೆ 2011ರಲ್ಲಿ ಪಾಳುಮನೆಯೊಂದರ ಗೋಡೆಗೆ ಕಪ್ಪುಹಲಗೆಯ ಬಣ್ಣ ಬಳಿಸಿ, 'ನಾನು ಸಾಯುವ ಮುನ್ನ' ಎಂಬ ಅಪೂರ್ಣ ವಾಕ್ಯವನ್ನು ಸಾಲುಸಾಲಾಗಿ ಮೂಡಿಸಿ, ಸೀಮೆಸುಣ್ಣ ಇರಿಸಿದರು. ದಾರಿಹೋಕರು ತಮ್ಮ ಆಸೆಗಳನ್ನು ಬರೆದು ವಾಕ್ಯವನ್ನು ಪೂರ್ಣಗೊಳಿಸಿದರು. ಅಂತಹ ಗೋಡೆಗಳು ಅನಂತರ ಎಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಎದ್ದಿವೆ. ಪರೀಕ್ಷೆಯಲ್ಲಿ ನಿಮ್ಮನ್ನು ಕಾಡಿದ 'ಬಿಟ್ಟ ಸ್ಥಳ ತುಂಬಿರಿ' ಇದೇ. ಆದರೆ ಇಲ್ಲಿ ತಪ್ಪು ಉತ್ತರವಿಲ್ಲ, ಅಂಕವೂ ಇಲ್ಲ.

ಆಸೆಗೆ ಆಕಾರ ಕೊಡುವುದು ನಮ್ಮವರಿಗೆ ಹೊಸತಲ್ಲ. ಮಕ್ಕಳಿಲ್ಲದವರು ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಮನೆ ಬೇಕೆಂದವರು ಪುಣ್ಯಕ್ಷೇತ್ರಗಳಲ್ಲಿ ಕಲ್ಲಿನ ಮೇಲೆ ಕಲ್ಲಿಡುತ್ತಾರೆ. ಆದರೆ ಹರಕೆ ದೇವರ ಮುಂದಿನ ಮಾತು. ಗೋಡೆಯ ಬರಹ ನೆರೆಹೊರೆಯವರ ಮುಂದಿನ ಮಾತು. ನಮ್ಮಲ್ಲಿ ಕೊರತೆಯಿರುವುದು ಈ ಎರಡನೆಯದಕ್ಕೆ. ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಒಂದೊಂದಾದರೂ ಇಂತಹ ಗೋಡೆ ಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ಅದನ್ನು ಇದ್ದಂತೆಯೇ ಅನುಕರಿಸಲಾಗದು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆ ಸುಮಾರು 52 ಪ್ರತಿಶತ, ರಾಜ್ಯದಲ್ಲಿಯೇ ಕನಿಷ್ಠ. ಅಕ್ಷರವನ್ನಷ್ಟೇ ಬಲ್ಲ ಗೋಡೆ, ಹೇಳಲು ಹೆಚ್ಚು ಇರುವವರನ್ನೇ ಹೊರಗೆ ನಿಲ್ಲಿಸುತ್ತದೆ. ಆದಕಾರಣ ಅಲ್ಲಿ ಚಿತ್ರಕ್ಕೂ ಸ್ಥಳವಿರಲಿ. ನಾಯಕ ಅರಸರ ಆಶ್ರಯದಲ್ಲಿ ಸುರಪುರ ಶೈಲಿಯ ಚಿತ್ರಕಲೆ ಬೆಳೆದ ನೆಲ ನಮ್ಮದು. ಅರಮನೆ ಪೋಷಿಸಿದ ಬಣ್ಣ ಈಗ ಬೀದಿಗೆ ಬರಲಿ. ಮಕ್ಕಳು ಅಜ್ಜಿಯರ ಮಾತನ್ನು ಕೇಳಿ ಬರೆದುಕೊಡಲಿ. ಹಿರಿಯರಿಗೆ ಲಿಪಿಕಾರರಾಗುವುದು ಸಣ್ಣ ಪಾಠವಲ್ಲ.

ಇದರಿಂದ ಹೊಟ್ಟೆ ತುಂಬುವುದೇ ಎಂದು ಕೆಲವರು ಕೇಳಬಹುದು. ಗೋಡೆಯ ಮೇಲೆಯೇ ಉಳಿದರೆ ತುಂಬದು, ನಿಜ. ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋದವರ ಮಗು 'ಅವ್ವ ಮನೆಯಲ್ಲಿಯೇ ಇರಲಿ' ಎಂದು ಬರೆದರೆ, ಅದನ್ನು ನೋಡಿ ಕಣ್ಣೊರೆಸಿಕೊಂಡು ಹೋಗುವುದು ನಮ್ಮ ಕರ್ತವ್ಯದ ಕೊನೆಯಲ್ಲ. ಮಳೆಗೆ ಅಳಿಯುವ ಮುನ್ನ ಆ ಸಾಲುಗಳನ್ನು ಪುಸ್ತಕಕ್ಕೆ ಇಳಿಸಿ, ಗ್ರಾಮಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಕೇಳಿಸಿಕೊಂಡವರು ಉತ್ತರ ಹೇಳಬೇಕು. ಉತ್ತರವಿಲ್ಲದ ಗೋಡೆ ಬರೀ ಅಲಂಕಾರ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಪಂಚಾಯಿತಿ ಸದಸ್ಯರು, ನೌಕರರು. ಒಂದು ಶಾಲೆಯ ಹೊರಗೋಡೆ, ಒಂದು ಡಬ್ಬಿ ಬಣ್ಣ, ಒಂದು ಪೆಟ್ಟಿಗೆ ಸೀಮೆಸುಣ್ಣ, ಓದಿ ಹೇಳುವ ಒಬ್ಬ ಹೊಣೆಗಾರ. ಮೊದಲಿನ ಮೂರು ಅಂಗಡಿಯಲ್ಲಿ, ಊರಿನಲ್ಲಿ ಸಿಗುತ್ತವೆ. ನಾಲ್ಕನೆಯದು ನೀವೇ ಆಗಬೇಕು.