ಮುಖ ನೋಡಿ ಮಣೆ

‘ಮುಖ ನೋಡಿ ಮಣೆ ಹಾಕುವುದು’ ಎಂಬ ಮಾತನ್ನು ನಮ್ಮ ಹಿರಿಯರು ಹೊಗಳಿಕೆಗೆ ಹುಟ್ಟಿಸಲಿಲ್ಲ. ಬಂದವನ ಯೋಗ್ಯತೆ ಬಿಟ್ಟು ಅವನ ಠೀವಿ, ಅಂಗಿ, ಕುಲ, ಕೈಚೀಲ ನೋಡಿ ಕೂರಿಸುವವರನ್ನು ಚುಚ್ಚಲು ಹುಟ್ಟಿದ ಮಾತು ಅದು. ಈಗ ಮುಖವನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡ ಒಂದು ವಿಜ್ಞಾನವಿದೆ. ನಮ್ಮ ಕಣ್ಣು ಮತ್ತು ಮೆದುಳು ಸೇರಿ ಒಂದು ಮುಖವನ್ನು ಹೇಗೆ ಗುರುತಿಸುತ್ತವೆ ಎಂಬುದೇ ಅದರ ಪ್ರಶ್ನೆ. ಆ ವಿಜ್ಞಾನದ ಮನೆಯೊಳಕ್ಕೆ ನಮ್ಮ ಸಾಮಾನ್ಯ ಕಾಲೇಜಿನ ಮಕ್ಕಳು ಕಾಲಿಡಲು ಹೋದರೆ, ಬಾಗಿಲಲ್ಲೇ ಮುಖ ನೋಡಿ ಮಣೆ ಹಾಕುವ ಪದ್ಧತಿ ನಡೆದಿದೆ. ಇದರ ಬಗ್ಗೆ ನಾಲ್ಕು ಮಾತು ಖಾರವಾಗಿಯೇ ಹೇಳಬೇಕಾಗಿದೆ.

ನಾನು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಮನಶ್ಶಾಸ್ತ್ರ ಪಾಠ ಹೇಳಿದವಳು. ಮನೆ ಜ್ಞಾನಭಾರತಿಯ ಮಗ್ಗುಲಿನ ಮಲ್ಲತ್ತಹಳ್ಳಿಯಲ್ಲಿ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಊರಾಚೆಯ ಈ ಜಾಗಕ್ಕೆ ಬಂದಾಗ ಅದಕ್ಕೆ ಸಿಕ್ಕಿದ್ದು ಸುಮಾರು 1,100 ಎಕರೆ. ಈಗ ಊರೇ ಅದನ್ನು ಸುತ್ತುವರಿದಿದೆ. 2021ರ ಆಗಸ್ಟಿನಿಂದ ಮೆಟ್ರೋ ರೈಲು ಸಹ ‘ಜ್ಞಾನಭಾರತಿ’ ಎಂದು ಕೂಗಿ ಹೇಳಿ ನಿಲ್ಲುತ್ತದೆ. ಮಾಗಡಿ, ರಾಮನಗರ, ಚನ್ನಪಟ್ಟಣದ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬರುವ ಮಕ್ಕಳಿಗೆ ವಿಶ್ವವಿದ್ಯಾಲಯ ಎಂದರೆ ಇದೇ. ನಾನು ಬರೆಯುತ್ತಿರುವುದು ಆ ಮಕ್ಕಳ ಪರವಾಗಿ.

“ಮುಖ ನೋಡೋದಕ್ಕೂ ಪಿಎಚ್.ಡಿ. ಬೇಕೇನ್ರೀ?” ಎಂದು ನಗುವವರು ನಮ್ಮಲ್ಲಿ ಬಹಳ. ಅವರಿಗೆ ಮೊದಲು ಉತ್ತರಿಸಿಬಿಡೋಣ. ಹುಟ್ಟಿದ ಕೂಸು ಇನ್ನೂ ಲೋಕ ಕಾಣುವ ಮೊದಲೇ ಮುಖದಂಥ ಆಕಾರದತ್ತ ಕಣ್ಣು ಹೊರಳಿಸುತ್ತದೆ. 1969ರಲ್ಲಿ ರಾಬರ್ಟ್ ಯಿನ್ ಎಂಬಾತ ತೋರಿಸಿದಂತೆ, ಚಿತ್ರವನ್ನು ತಲೆಕೆಳಗು ಮಾಡಿದರೆ ಮನೆಯನ್ನೋ ವಿಮಾನವನ್ನೋ ಗುರುತಿಸಲು ಆಗುವ ತೊಂದರೆಗಿಂತ ಮುಖವನ್ನು ಗುರುತಿಸಲು ಆಗುವ ತೊಂದರೆ ಬಹಳ ಹೆಚ್ಚು. ಎಂದರೆ, ನಾವು ಮುಖವನ್ನು ಕಣ್ಣು, ಮೂಗು, ಬಾಯಿ ಎಂದು ಎಣಿಸಿ ಓದುವುದಿಲ್ಲ; ಒಟ್ಟಾಗಿ, ಒಂದೇ ಏಟಿಗೆ ಓದುತ್ತೇವೆ. 1997ರಲ್ಲಿ ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು ಮೆದುಳಿನ ತಳಭಾಗದ ಫ್ಯೂಸಿಫಾರ್ಮ್ ಎಂಬ ಮಡಿಕೆಯಲ್ಲಿ, ಬೇರೆ ವಸ್ತುಗಳಿಗಿಂತ ಮುಖ ಕಂಡಾಗ ಹೆಚ್ಚು ಚುರುಕಾಗುವ ಒಂದು ಜಾಗವನ್ನು ಗುರುತಿಸಿದರು. ಅದು ಹುಟ್ಟಿನಿಂದಲೇ ಮುಖಕ್ಕೆ ಮೀಸಲಾದ ಜಾಗವೋ ಅಥವಾ ಅಭ್ಯಾಸದಿಂದ ಪಳಗಿದ ಜಾಗವೋ ಎಂಬ ಜಗಳ ಆಮೇಲೆ ದಶಕಗಟ್ಟಲೆ ನಡೆಯಿತು. ಹೀಗೆ ಜಗಳವಾಡಲು ಯೋಗ್ಯವಾದ ಪ್ರಶ್ನೆ ಇರುವ ಕಡೆಯೇ ವಿಜ್ಞಾನ ಇರುತ್ತದೆ.

ಆ ಶಕ್ತಿ ಕೆಟ್ಟಾಗ ಏನಾಗುತ್ತದೆ ನೋಡಿ. 1947ರಲ್ಲಿ ಬೋಡಮರ್ ಎಂಬ ಜರ್ಮನ್ ವೈದ್ಯ, ಕಣ್ಣು ಸರಿಯಿದ್ದೂ ಪರಿಚಿತರ ಮುಖ ಗುರುತಿಸಲಾರದ ಗಾಯಾಳು ಸೈನಿಕರ ಬಗ್ಗೆ ಬರೆದು ಆ ತೊಂದರೆಗೆ ಹೆಸರಿಟ್ಟ. ನಾವದನ್ನು ಮುಖಗುರುಡು ಎನ್ನೋಣ. ಪೆಟ್ಟಿಲ್ಲದೆ ಹುಟ್ಟಿನಿಂದಲೇ ಅದು ಬರುವುದೂ ಉಂಟು. ಜರ್ಮನಿಯ ಒಂದು ಅಧ್ಯಯನದ ಪ್ರಕಾರ ನೂರಕ್ಕೆ ಇಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಿಗೆ. ಆ ಲೆಕ್ಕ ನಮಗೂ ಹೊಂದುವುದಾದರೆ, 2011ರ ಜನಗಣತಿಯ 6 ಕೋಟಿ 11 ಲಕ್ಷ ಕನ್ನಡನಾಡಿಗರಲ್ಲಿ ಹನ್ನೆರಡು ಲಕ್ಷ ಮಂದಿಯಾದರು! ಹೊಂದುತ್ತದೆಯೇ? ಎಣಿಸಿ ನೋಡಬೇಕಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹೆಂಡತಿಯ ಮುಖ ಹೆಂಡತಿಯದೇ ಎಂದು ಒಪ್ಪಿಯೂ, ‘ಇವಳು ಅವಳಲ್ಲ, ಅವಳ ವೇಷ ಹಾಕಿಕೊಂಡು ಬಂದವಳು’ ಎಂದು ಹಟ ಹಿಡಿಯುವ ಕಾಯಿಲೆಯನ್ನು 1923ರಲ್ಲಿ ಫ್ರಾನ್ಸಿನ ಕಾಪ್‌ಗ್ರಾ ವಿವರಿಸಿದ. ಕಣ್ಣು ಗುರುತಿಸುತ್ತದೆ, ಆದರೆ ಗುರುತಿನೊಂದಿಗೆ ಬರಬೇಕಾದ ಆಪ್ತಭಾವ ಬರುವುದಿಲ್ಲ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. ನಮ್ಮ ಹಳ್ಳಿಯಲ್ಲಿ ಹೀಗಾದರೆ ಗಂಡನನ್ನು ಮಂತ್ರವಾದಿಯ ಬಳಿಗೂ ಹೆಂಡತಿಯನ್ನು ತವರಿಗೂ ಕಳಿಸುತ್ತಾರೆ. ಪಿಎಚ್.ಡಿ. ಬೇಕೇ ಎಂದು ನಕ್ಕವರು ಆ ಹೆಣ್ಣುಮಗಳ ಎದುರು ನಿಂತು ಒಮ್ಮೆ ನಗಲಿ.

ಕೋರ್ಟಿನ ಮಾತು ಬೇರೆ ಇದೆ. ಅಮೆರಿಕದಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಬಿಡುಗಡೆಯಾದ ಮೊದಲ 250 ಮಂದಿಯ ಕಥೆ ತೆಗೆದು ನೋಡಿದಾಗ, ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿಯೇ ತಪ್ಪು ಮನುಷ್ಯನತ್ತ ಬೆರಳು ತೋರಿದ್ದ. ನಮ್ಮಲ್ಲೂ ಗುರುತು ಹಚ್ಚುವ ಪರೇಡುಗಳು ನಡೆಯುತ್ತವೆ. ಸಾಲಾಗಿ ನಿಲ್ಲಿಸಿ ‘ಇವನೇ’ ಎನ್ನಿಸುತ್ತಾರೆ. ಅಪರಿಚಿತ ಮುಖದ ನೆನಪು ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಬೇಗ ಕದಡುತ್ತದೆ ಎಂಬ ತಿಳಿವಳಿಕೆ ಯಾರದೋ ಜೈಲುವಾಸಕ್ಕೆ ಸಂಬಂಧಿಸಿದ ವಿಷಯ.

ಇನ್ನು ಯಂತ್ರಗಳು. 2022ರ ಡಿಸೆಂಬರಿನಿಂದ ನಮ್ಮ ವಿಮಾನ ನಿಲ್ದಾಣದಲ್ಲಿ ಮುಖವನ್ನೇ ಟಿಕೆಟ್ಟಿನಂತೆ ತೋರಿಸಿ ಒಳಹೋಗುವ ವ್ಯವಸ್ಥೆ ಬಂತು. ಇಂಥ ಯಂತ್ರಗಳನ್ನು ಯಾರ ಮುಖಗಳ ಮೇಲೆ ಪಳಗಿಸಿದ್ದಾರೆ? 2018ರಲ್ಲಿ ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಪರೀಕ್ಷಿಸಿದ ವ್ಯಾಪಾರಿ ಸಾಫ್ಟ್‌ವೇರುಗಳಲ್ಲಿ, ಗಂಡೋ ಹೆಣ್ಣೋ ಎಂದು ಹೇಳುವಷ್ಟರಲ್ಲೇ, ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 0.8ಕ್ಕೆ ಮೀರಲಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ ಶೇಕಡಾ 34.7ರವರೆಗೂ ಹೋಯಿತು. ಯಂತ್ರವೂ ಮುಖ ನೋಡಿಯೇ ಮಣೆ ಹಾಕಿತು! ಯಂತ್ರ ಕೊಳ್ಳಲು ನಮ್ಮಲ್ಲಿ ಕೋಟಿ ಕೋಟಿ ಇದೆ. ಅದು ನಮ್ಮ ಮುಖದ ಮೇಲೆ ಏನು ಮಾಡುತ್ತದೆಂದು ಪರೀಕ್ಷಿಸಬಲ್ಲ ಹುಡುಗ ಹುಡುಗಿಯರಿಗೆ ಮಾತ್ರ ‘ಬಜೆಟ್ಟಿಲ್ಲ’.

ಇಂಥ ಕೆಲಸ ನಮ್ಮೂರಿನಲ್ಲಿ ಆಗಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ನರವಿಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿನ ಹರೀಶ್ ಕಟ್ಟಿ ಮತ್ತು ಎಸ್.ಪಿ. ಅರುಣ್ 1,647 ಭಾರತೀಯ ಮುಖಗಳನ್ನು ಕಲೆಹಾಕಿ, ‘ಇವರು ಉತ್ತರದವರೋ ದಕ್ಷಿಣದವರೋ’ ಎಂದು ಜನರನ್ನೂ ಕಂಪ್ಯೂಟರನ್ನೂ ಕೇಳಿ, 2019ರಲ್ಲಿ ಪ್ರಕಟಿಸಿದರು. ಈ ಕಷ್ಟದ ಪ್ರಶ್ನೆಗೆ ಉತ್ತರಿಸಲು ಬಾಯಿಯ ಆಕಾರವೇ ಹೆಚ್ಚು ನೆರವಾಗುತ್ತದೆ ಎಂಬುದು ಅವರಿಗೆ ಕಂಡಿತು. ಎಷ್ಟು ಸೊಗಸಾದ ಪ್ರಶ್ನೆ! ನಮ್ಮ ಬಸ್‌ಸ್ಟಾಂಡಿನಲ್ಲಿ ನಿಂತವರಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ. ನನ್ನ ತಕರಾರು ಮಲ್ಲೇಶ್ವರದಾಚೆಯ ಆ ಸಂಸ್ಥೆಯ ಮೇಲಲ್ಲ. ಅಲ್ಲಿ ನಡೆಯುವುದು ಹದಿನೈದು ಕಿಲೋಮೀಟರು ಈಚೆಗೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಏಕೆ ನಡೆಯಬಾರದು ಎಂದು ಕೇಳಿದರೆ ಬರುವ ಮೂರು ಸಬೂಬುಗಳ ಮೇಲೆ.

ಮೊದಲನೆಯ ಸಬೂಬು: ಯಂತ್ರವಿಲ್ಲ. ಮೆದುಳಿನ ಚಿತ್ರ ತೆಗೆಯುವ ಯಂತ್ರಕ್ಕೆ ಕೋಟಿಗಟ್ಟಲೆ ಬೇಕು, ನಿಜ. ಆದರೆ ಮೇಲೆ ಹೇಳಿದ ಯಿನ್‌ಗೆ ಬೇಕಾದದ್ದು ಒಂದಷ್ಟು ಫೋಟೋ ಮತ್ತು ಚಿತ್ರ. 1980ರಲ್ಲಿ ಇಂಗ್ಲೆಂಡಿನ ಪೀಟರ್ ಥಾಂಪ್ಸನ್ ಮಾರ್ಗರೆಟ್ ಥ್ಯಾಚರ್ ಅವರ ಫೋಟೋದಲ್ಲಿ ಕಣ್ಣು, ಬಾಯಿಗಳನ್ನಷ್ಟೇ ಕತ್ತರಿಸಿ ತಿರುವುಮುರುವು ಅಂಟಿಸಿದ. ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ಅಂಥ ವ್ಯತ್ಯಾಸವೇನೂ ಕಾಣದು. ನೆಟ್ಟಗೆ ಹಿಡಿದರೆ ರಾಕ್ಷಸ ಮುಖ! ಒಂದು ಕತ್ತರಿ, ಒಂದಿಷ್ಟು ಗೋಂದು. ಆದರೆ ಇಂದಿಗೂ ಪಠ್ಯಪುಸ್ತಕಗಳು ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಯಂತ್ರವಿಲ್ಲವೆನ್ನುವವರು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯಲಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಅವರು, ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಕಲ್ಕತ್ತಾದ ನಂತರ ದೇಶದಲ್ಲೇ ಎರಡನೆಯದು. ಅದೇ ಮನುಷ್ಯ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು; ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಇಡೀ ದೇಶಕ್ಕೆ ಹೋಯಿತು. ಟೆಂಡರು ಕರೆಯುವವರೆಗೂ ಕಾದು ಕುಳಿತವರು ಮಾಡಿದ ಕೆಲಸವಲ್ಲ ಅದು.

ಎರಡನೆಯ ಸಬೂಬು: ಭಾಷೆ. ಈ ವಿಷಯಗಳನ್ನೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಯೋಚಿಸಲು ಸಾಧ್ಯವಂತೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು, ಅದು ಮನೋವೈದ್ಯಕೀಯವನ್ನು ಕುರಿತ ಕನ್ನಡ ಪುಸ್ತಕ. ಸಂಶೋಧನೆಯ ವರದಿ ಇಂಗ್ಲಿಷಿನಲ್ಲೇ ಇರಲಿ, ಬೇಡವೆಂದವರಾರು? ಆದರೆ ಪರೀಕ್ಷೆಗೆ ಕೂರುವ ಮನುಷ್ಯ ಯಾವ ಭಾಷೆಯವನು? ಲಕ್ವ ಹೊಡೆದು ಮಗಳ ಮುಖ ಗುರುತಿಸಲಾರದ ಮುದುಕನಿಗೆ ‘ಈ ಆರು ಮುಖಗಳಲ್ಲಿ ಮೊದಲೇ ನೋಡಿದ್ದು ಯಾವುದು’ ಎಂದು ಅವನ ಮಾತಿನಲ್ಲಿ, ಅವನಿಗೆ ಅವಮಾನವಾಗದಂತೆ ಕೇಳಬಲ್ಲವರು ಬೇಕು. ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ವೃದ್ಧರ ನೆನಪಿನ ಶಕ್ತಿ ಅಳೆಯಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಿಗೇ ಹೋಗಬೇಕಾಯಿತು. ಹಳ್ಳಿಯ ಮಾತು ಬಲ್ಲ ವಿದ್ಯಾರ್ಥಿಗೆ ಅದು ಕೊರತೆಯಲ್ಲ, ಬಂಡವಾಳ.

ಮೂರನೆಯದು: ಕೆಲಸವೆಲ್ಲಿದೆ? ಇದನ್ನು ಸಬೂಬು ಎಂದು ತಳ್ಳಿಹಾಕಲಾರೆ. ಇದರಲ್ಲಿ ತಂದೆತಾಯಿಯರ ಸಂಕಟವಿದೆ. ಲೆಕ್ಕ ಹೀಗಿದೆ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಮೇಲಿನ ಸಾಲಿಗೆ ಬಂದು ಜೂನಿಯರ್ ಫೆಲೋಶಿಪ್ ಗೆದ್ದರೆ, 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಗೆಲ್ಲದಿದ್ದರೆ ಯಾವುದೋ ಪ್ರಾಜೆಕ್ಟಿನಲ್ಲಿ ವರ್ಷವರ್ಷಕ್ಕೆ ನವೀಕರಿಸುವ ಸಹಾಯಕನ ಕೆಲಸ, ಇಲ್ಲವೇ ಅತಿಥಿ ಉಪನ್ಯಾಸಕನ ಪಟ್ಟ. ಆ ಅತಿಥಿಗೆ ಆತಿಥ್ಯ ಹೇಗಿತ್ತು? ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2021ರ ಕೊನೆಯವರೆಗೆ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ. ಬೀದಿಗಿಳಿದ ಮೇಲೆ, 2022ರ ಜನವರಿಯಲ್ಲಿ, ಅದು 26ರಿಂದ 32 ಸಾವಿರಕ್ಕೆ ಏರಿತು. ಹತ್ತು ವರ್ಷ ಓದಿ ಮೆದುಳಿನ ಗುಟ್ಟು ಹುಡುಕುವವನಿಗೆ ಮುಂದಿನ ವರ್ಷ ತನ್ನ ಕುರ್ಚಿ ಇರುತ್ತದೋ ಇಲ್ಲವೋ ಎಂಬುದೇ ಗುಟ್ಟಾಗಿಬಿಟ್ಟಿದೆ. ಪಿಎಚ್.ಡಿ. ಮುಗಿದರೆ ವಿದೇಶದಲ್ಲಿ ನಾಲ್ಕಾರು ವರ್ಷ, ಮತ್ತೆ ಇಲ್ಲಿ ಬಂದು ಇರುವ ಒಂದು ಹುದ್ದೆಗೆ ನೂರಾರು ಅರ್ಜಿಗಳ ನಡುವೆ ನಿಲ್ಲುವುದು. ಇದನ್ನು ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸುವ ಅಧ್ಯಾಪಕರು ಪಾಪ ಮಾಡುತ್ತಾರೆ.

ಆದರೆ ಹುದ್ದೆ ಕಡಿಮೆ ಎಂಬುದು ಬೇರೆ, ಇರುವ ಹುದ್ದೆಗೆ ಇಂಥವರು ಬರಲೇಬಾರದು ಎಂಬುದು ಬೇರೆ. ನನ್ನ ಒಬ್ಬ ವಿದ್ಯಾರ್ಥಿನಿ, ರೇಷ್ಮೆ ಬೆಳೆಯುವ ಮನೆಯ ಹುಡುಗಿ, ಊರಿನ ನೂರಿಪ್ಪತ್ತು ಜನರಿಗೆ ಮುಖದ ನೆನಪಿನ ಪರೀಕ್ಷೆ ನಡೆಸಿ, ಕೈಯಿಂದಲೇ ಲೆಕ್ಕ ಹಾಕಿ ಒಂದು ಪ್ರಬಂಧ ಬರೆದಿದ್ದಳು. ದೊಡ್ಡ ಹೆಸರಿನ ಒಂದು ಸಂಸ್ಥೆಯ ಸಂದರ್ಶನಕ್ಕೆ ಹೋದಳು. ಅವಳ ಪ್ರಯೋಗದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲವಂತೆ. ಕೇಳಿದ್ದು ಎರಡೇ: ಯಾವ ಕಾಲೇಜು, ಬಿ.ಎ.ಯೋ ಬಿ.ಎಸ್ಸಿ.ಯೋ. “ಮೇಡಂ, ಅವರು ನನ್ನ ಕಾಗದ ತಿರುವಿ ಸಹ ನೋಡಲಿಲ್ಲ” ಎಂದಳು. ಅವಳು ಆಯ್ಕೆಯಾಗಲಿಲ್ಲವೆಂಬುದು ನನ್ನ ದೂರಲ್ಲ. ಕಾಗದ ಓದಿ, ತಪ್ಪು ಹುಡುಕಿ, ‘ಇದು ಸಾಲದು’ ಎಂದು ಕಳಿಸಿದ್ದರೆ ನಾನೇ ಅವಳನ್ನು ಮತ್ತೆ ಓದಲು ಕೂರಿಸುತ್ತಿದ್ದೆ. ಓದದೆ ಕಳಿಸಿದರಲ್ಲ, ಅದಕ್ಕೆ ಏನೆನ್ನಬೇಕು? ತನಗೆ ಹೊರಗಿನವರೆನಿಸಿದವರ ಮುಖಗಳೆಲ್ಲ ಮನುಷ್ಯನಿಗೆ ಒಂದೇ ತೆರನಾಗಿ ಕಾಣುತ್ತವೆ ಎಂಬುದು ಈ ವಿಜ್ಞಾನದಲ್ಲೇ 1969ರಷ್ಟು ಹಿಂದೆಯೇ ಪ್ರಯೋಗದಿಂದ ಕಂಡುಕೊಂಡ ವಿಷಯ. ಸಂದರ್ಶನದ ಮೇಜಿನ ಹಿಂದೆ ಕೂತ ವಿದ್ವಾಂಸರು ಆ ಪ್ರಯೋಗಕ್ಕೆ ತಾವೇ ಉದಾಹರಣೆಯಾದರು.

ಈ ಮಕ್ಕಳಿಗೆ ಬೇಕಾದದ್ದು ಅರಮನೆಯಲ್ಲ. ಒಂದು: ರಾಜ್ಯದ ಪ್ರತಿ ಹಳೆಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಗ್ರಹಿಕೆಯ ಪ್ರಯೋಗಕ್ಕೆ ಒಂದು ಕತ್ತಲೆ ಕೋಣೆ, ಕೆಲವು ಕಂಪ್ಯೂಟರು, ಮತ್ತು ಖಾಯಂ ಆದ ಇಬ್ಬರು ಅಧ್ಯಾಪಕರು. ಖಾಯಂ ಎಂಬ ಪದಕ್ಕೆ ನಾನು ಗೆರೆ ಎಳೆಯುತ್ತೇನೆ. ಎರಡು: ನಮ್ಮ ಜನರ ಮುಖಗಳಿಂದ, ಅವರ ಒಪ್ಪಿಗೆ ಪಡೆದು ಮಾಡಿದ, ಕನ್ನಡದಲ್ಲಿ ಕೇಳುವ ಮುಖಸ್ಮರಣೆಯ ಪರೀಕ್ಷೆ, ಇಂಥದೊಂದನ್ನು ನನ್ನ ಇಪ್ಪತ್ತೆಂಟು ವರ್ಷದಲ್ಲಿ ನಾನು ಕಾಣಲಿಲ್ಲ. ಮೂರು: ದೊಡ್ಡ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಸಂಬಳ ಸಹಿತ ಒಂದು ಬೇಸಿಗೆ, ಆಯ್ಕೆಗೆ ಬಂದ ಬರಹದ ಮೇಲೆ ಕಾಲೇಜಿನ ಹೆಸರು ಮುಚ್ಚಿರಬೇಕು.

ಇದನ್ನು ಓದಿ, ‘ಇದಕ್ಕೆಲ್ಲ ದುಡ್ಡೆಲ್ಲಿದೆ’ ಎನ್ನುವ ಅಧಿಕಾರಿಗಳು ಇದ್ದೇ ಇರುತ್ತಾರೆ. ಕಂಬಕಂಬಕ್ಕೆ ಕ್ಯಾಮೆರಾ ಕಟ್ಟಿಸಿದ ನಗರದಲ್ಲಿ ಕುಳಿತು ಈ ಮಾತನ್ನು ಹೇಳಬಾರದು. ಕಂಬದ ಮೇಲಿನ ಯಂತ್ರ ನಾಳೆ ಯಾರನ್ನೋ ತೋರಿಸಿ ‘ಇವನೇ ಕಳ್ಳ’ ಎಂದಾಗ, ಅದು ಸುಳ್ಳು ಹೇಳುತ್ತಿದೆ ಎಂದು ಲೆಕ್ಕ ಸಹಿತ ತೋರಿಸಿಕೊಡಬಲ್ಲವರು ಬೇಕಾಗುತ್ತಾರೆ. ಅಂಥವರನ್ನು ಒಂದು ದಿನದಲ್ಲಿ ಟೆಂಡರು ಕರೆದು ತರಿಸಲಾಗುವುದಿಲ್ಲ. ಹತ್ತು ವರ್ಷ ಮೊದಲೇ, ಅವರು ಬಿ.ಎ. ತರಗತಿಯ ಹಿಂದಿನ ಬೆಂಚಿನಲ್ಲಿದ್ದಾಗಲೇ, ಅವರ ಕಾಗದವನ್ನು ಯಾರಾದರೂ ತಿರುವಿ ನೋಡಿರಬೇಕು.