ಹಿಂದಿನ ಸೀಟಿನವರ ತಕರಾರು

ಹಳೆಯ ಕಾರುಗಳ ಸಂಘವೊಂದರಿಂದ ನನಗೊಂದು ಆಹ್ವಾನಪತ್ರಿಕೆ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಅಕ್ಷರ. ಬೆಳಿಗ್ಗೆ ಎಂಟಕ್ಕೆ ಕಾರುಗಳ ಮೆರವಣಿಗೆ, ಹತ್ತಕ್ಕೆ ತೀರ್ಪುಗಾರರ ಪರೀಕ್ಷೆ, ಒಂದಕ್ಕೆ ಊಟ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: 'ಸದಸ್ಯರ ಶ್ರೀಮತಿಯರಿಗಾಗಿ ರಂಗೋಲಿ ಮತ್ತು ಹಳೇ ಕಾಲದ ಉಡುಗೆಯ ಸ್ಪರ್ಧೆ.' ಲಕೋಟೆ ತಿರುಗಿಸಿ ನೋಡಿದೆ. ನನ್ನ ಹೆಸರಿನ ಮೊದಲು 'ಶ್ರೀ' ಎಂದಿತ್ತು. ನನ್ನದು ಹೆಂಗಸಿನ ಹೆಸರೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ. ಆದರೆ ಕಾರಿನ ಮಾಲೀಕರ ಪಟ್ಟಿಯಲ್ಲಿದ್ದ ಮೇಲೆ ಶ್ರೀ ಅಲ್ಲದೆ ಇನ್ನೇನು ಇರಲು ಸಾಧ್ಯ!

ನಗು ಬಂತು. ಆಮೇಲೆ ಸಿಟ್ಟೂ ಬಂತು. ಆ ಸಿಟ್ಟಿಗೆ ಐವತ್ತು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ ಎಂಬುದು ನನಗೆ ನಿಧಾನವಾಗಿ ಹೊಳೆಯಿತು.

ನನ್ನ ಕಾರು 1968ರ ಫಿಯಟ್ 1100. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ತಯಾರಿಸಿದ್ದು. ಇದೇ ಕಾರು ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮುಂಬಯಿಯ ಬೀದಿಗಳಲ್ಲಿ 2023ರವರೆಗೂ ಓಡಿತು. ಆ ಕಾಲದಲ್ಲಿ ಕಾರು ಕೊಳ್ಳಲು ದುಡ್ಡಿದ್ದರೆ ಸಾಲದು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಸರದಿ ಬಂದಾಗ ಅಪ್ಪನ ಹತ್ತಿರ ದುಡ್ಡು ಸಾಲಲಿಲ್ಲ. ಅಮ್ಮ ನಾಲ್ಕು ಬಳೆ ಮತ್ತು ತವರಿನವರು ಹಾಕಿದ್ದ ಅವಲಕ್ಕಿ ಸರ ತೆಗೆದುಕೊಟ್ಟಳು. ಅಡವಿಟ್ಟ ಬಳೆ ಎರಡು ವರ್ಷದಲ್ಲಿ ಬಿಡಿಸಿಕೊಂಡು ಬಂದರು. ಸರ ಬರಲೇ ಇಲ್ಲ.

ಕಾರು ಬಂತು. ಅಪ್ಪನ ಹೆಸರಿನಲ್ಲಿ ನೋಂದಣಿಯಾಯಿತು. ಅಮ್ಮ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಆರತಿ ಎತ್ತಿ, ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು. ಮುಂದಿನ ಸೀಟು ತಾತನದು. ತಾತ ಹೋದ ಮೇಲೆ ಅಣ್ಣನದು. ಒಂದು ಸಲ ಮಾತ್ರ ಅಮ್ಮ, "ನಾನೂ ಕಲೀಲಾ?" ಎಂದು ಕೇಳಿದ್ದು ನನಗೆ ನೆನಪಿದೆ. ಅಪ್ಪ ಕೆಟ್ಟವರಲ್ಲ. ಪ್ರೀತಿಯಿಂದಲೇ, "ನಿನಗ್ಯಾಕೆ ಅದೆಲ್ಲ, ನಾನಿಲ್ವಾ?" ಅಂದರು. ಎಷ್ಟೋ ಮನೆಗಳಲ್ಲಿ ಹೆಂಗಸಿನ ದಾರಿ ಮುಚ್ಚಿರುವುದು ಬೈಗುಳದಿಂದಲ್ಲ, ಇಂಥ ಪ್ರೀತಿಯ ಮಾತಿನಿಂದಲೇ.

ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಕಾರು ಶೆಡ್ಡು ಸೇರಿತು. ಇಪ್ಪತ್ತೆರಡು ವರ್ಷ ಅಲ್ಲೇ ಕೂತಿತು. ಅಪ್ಪ ತೀರಿಕೊಂಡಾಗ ಅಣ್ಣ, "ಗುಜರಿಗೆ ಕೊಟ್ಟುಬಿಡೋಣ, ಜಾಗವಾದರೂ ಆಗುತ್ತೆ" ಅಂದ. "ನನಗೆ ಕೊಡು" ಅಂದೆ. ಮನೆಯವರೆಲ್ಲ ನನ್ನನ್ನು ನೋಡಿದ ರೀತಿ, ನಾನು ಅಪ್ಪನ ಊರುಗೋಲನ್ನೋ ಹಳೇ ಕೋಟನ್ನೋ ಕೇಳಿದ ಹಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದವಳು ನಾನು. ಎಲ್ಲರ ಒಪ್ಪಿಗೆ ಪತ್ರ ಬರೆಸಿಕೊಂಡು ಕಾರನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ.

ಈಗ ರಿಪೇರಿಯ ವಿಷಯಕ್ಕೆ ಬರುತ್ತೇನೆ. ನನ್ನ ತಕರಾರಿನ ಬೇರು ಇರುವುದು ಅಲ್ಲೇ.

'ಹಳೇ ಕಾರಿನ ಕೆಲಸ ಹೆಂಗಸರಿಗೆ ಆಗುವಂಥದ್ದಲ್ಲ' ಎಂದು ಎಲ್ಲರೂ ಹೇಳುತ್ತಾರೆ. ಏನಿದೆ ಅದರಲ್ಲಿ, ನೋಡೋಣ. ವರ್ಷಗಟ್ಟಲೆ ನಿಂತ ಎಂಜಿನ್ನು ಒಳಗೇ ಹಿಡಿದುಕೊಂಡಿರುತ್ತದೆ. ಗುದ್ದಿ ತಿರುಗಿಸಬಾರದು. ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ವಾರ ಸುಮ್ಮನಿದ್ದು, ಆಮೇಲೆ ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಮಳೆಗಾಲದಲ್ಲಿ ತುಕ್ಕು ಹಿಡಿದ ಬೀಗಕ್ಕೆ ನಾವು ಮಾಡುವುದೂ ಇದನ್ನೇ. ಬ್ರೇಕಿನ ಸಿಲಿಂಡರುಗಳಲ್ಲಿ ಪುಟ್ಟ ರಬ್ಬರು ಬಟ್ಟಲುಗಳಿರುತ್ತವೆ. ಅವು ಒಣಗಿ ಬಿರುಕು ಬಿಟ್ಟರೆ ಬ್ರೇಕಿನ ಎಣ್ಣೆ ಸೋರಿ, ಬ್ರೇಕು ನಿಲ್ಲುವುದಿಲ್ಲ. ಗ್ಯಾಸ್ಕೆಟ್ ಹೋದ ಕುಕ್ಕರಿನಲ್ಲಿ ಬೇಳೆ ಬೇಯದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಾರಿನ ತಳ ಜರಡಿಯಾಗಿತ್ತು. ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ತಗಡಿನ ತೇಪೆ ಕೂರಿಸಿ ಬೆಸುಗೆ ಹಾಕಿದರು. ಎಷ್ಟು ದೂರ ಕತ್ತರಿಸಿದರೆ ಗಟ್ಟಿ ಭಾಗ ಸಿಗುತ್ತದೆ ಎಂದು ಹುಡುಕುವುದು ಹಳೇ ಸೀರೆಗೆ ತೇಪೆ ಹಾಕುವವಳ ಲೆಕ್ಕವೇ.

ನನಗೆ ಕೆಲಸ ಹೇಳಿಕೊಟ್ಟವರು ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಾಹೇಬರು. ಕಾರ್ಬ್ಯುರೇಟರು ಬಿಚ್ಚಿ ಹರಡಿದಾಗ ನಾನು ಹುರುಪಿನಿಂದ, ಹಿಂದೆ ಸೀಮೆಎಣ್ಣೆ ಸ್ಟೌವಿಗೆ ಪಿನ್ನು ಹಾಕುತ್ತಿದ್ದ ಹಾಗೆ ಜೆಟ್ಟಿಗೆ ಪಿನ್ನು ಚುಚ್ಚಲು ಹೋದೆ. "ಬೇಡಮ್ಮಾ, ತೂತು ದೊಡ್ಡದಾಗುತ್ತೆ. ಪೆಟ್ರೋಲು ಕುಡಿಯೋಕೆ ಶುರು ಮಾಡುತ್ತೆ. ಗಾಳಿ ಊದಿ ಸಾಕು" ಅಂದರು. ಒಂದೇ ಒಂದು ದಿನವೂ ಅವರು 'ನಿಮಗ್ಯಾಕೆ ಇದೆಲ್ಲ' ಅನ್ನಲಿಲ್ಲ. ಜೀವಮಾನವೆಲ್ಲ ಕೈಯಲ್ಲಿ ಕೆಲಸ ಮಾಡಿದವರಿಗೆ ಇನ್ನೊಬ್ಬರ ಕೈ ಗೊತ್ತಾಗುತ್ತದೆ. ಆ ಪ್ರಶ್ನೆ ಕೇಳಿದವರೆಲ್ಲ ಎಂದೂ ಸ್ಪಾನರ್ ಹಿಡಿಯದವರೇ.

ಹದಿನಾಲ್ಕು ತಿಂಗಳು ಹಿಡಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಕೊನೆಗೆ ಒಂದು ಸಂಜೆ ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ನಿಂತು, ಮತ್ತೆ ಕೆಮ್ಮಿ, ಓಡತೊಡಗಿತು. ನಮ್ಮನೆಯವರು ಕಾಫಿ ಲೋಟ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದರು.

ಇನ್ನು ಚರಿತ್ರೆಯನ್ನೇ ಕೇಳಿ. ಮೊದಲ ಮೋಟಾರು ಕಾರು ಎಂದು ಹೆಸರಾದ ಗಾಡಿಗೆ ಪೇಟೆಂಟು ಸಿಕ್ಕಿದ್ದು 1886ರಲ್ಲಿ, ಜರ್ಮನಿಯ ಕಾರ್ಲ್ ಬೆಂಜ್ ಹೆಸರಿನಲ್ಲಿ. ಆದರೆ ಆತನ ಕಾರ್ಖಾನೆ ಮುಳುಗುವ ಹೊತ್ತಿನಲ್ಲಿ ಕೈಹಿಡಿದದ್ದು, ಅವನನ್ನು ಮದುವೆಯಾಗಲಿದ್ದ ಬೆರ್ತಾಳ ವರದಕ್ಷಿಣೆಯ ಹಣ. ಕಾರು ತಯಾರಾದರೂ ಜನ ನಂಬಲಿಲ್ಲ. 1888ರ ಆಗಸ್ಟಿನಲ್ಲಿ ಬೆರ್ತಾ ಗಂಡನಿಗೆ ಹೇಳದೆ ಇಬ್ಬರು ಹುಡುಗರನ್ನು ಕರೆದುಕೊಂಡು ಮನ್‌ಹೈಮ್‌ನಿಂದ ತನ್ನ ತವರೂರು ಫೋರ್ಟ್ಸ್‌ಹೈಮ್‌ಗೆ ಕಾರು ಹೊಡೆದಳು. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಅಂದರೆ ಮೊದಲ ದೂರದ ಪ್ರಯಾಣವೂ ಹೆಂಗಸಿನದು, ದಾರಿಯಲ್ಲಿ ಮಾಡಿದ ಮೊದಲ ರಿಪೇರಿಯೂ ಹೆಂಗಸಿನದು. ಓದಿದಾಗ ನನಗೆ ಅಮ್ಮನ ಅವಲಕ್ಕಿ ಸರ ನೆನಪಾಯಿತು. ಬಂಗಾರ ಅವಳದು, ಹೆಸರು ಅವನದು. ಜರ್ಮನಿಯಾದರೇನು, ತುಮಕೂರಾದರೇನು!

ಸೆಲ್ಫ್ ಸ್ಟಾರ್ಟರ್ ಕಥೆಯೂ ಹೀಗೇ. ಹಿಂದೆ ಕಾರಿನ ಮುಂದೆ ನಿಂತು ಕಬ್ಬಿಣದ ಹಿಡಿ ತಿರುಗಿಸಬೇಕಿತ್ತು. ಅದು ತಿರುಗಿ ಒದ್ದರೆ ತೋಳು ಮುರಿಯುತ್ತಿತ್ತು. 1912ರ ಕ್ಯಾಡಿಲ್ಯಾಕ್‌ನಲ್ಲಿ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ, ಹೆಂಗಸರಿಗೆ ಅನುಕೂಲ ಎಂದು ಅದನ್ನು ಹೊಗಳಿದರು. ಮುಂದೆ ಅದಿಲ್ಲದ ಕಾರನ್ನು ಗಂಡಸರೇ ಕೊಳ್ಳಲಿಲ್ಲ. ತೋಳು ಎಲ್ಲರಿಗೂ ಬೇಕಾದದ್ದೇ ತಾನೆ?

ಸಂಘವನ್ನು ಬೈಯಲೆಂದು ನಾನು ಇಷ್ಟೆಲ್ಲ ಬರೆಯುತ್ತಿಲ್ಲ. ಹಾಗೆ ನೋಡಿದರೆ ನನ್ನ ನಿವೃತ್ತಿಯ ದಿನಗಳಿಗೆ ಅಲ್ಲಿ ಸಿಕ್ಕಷ್ಟು ಸಂತೋಷ ಇನ್ನೆಲ್ಲೂ ಸಿಕ್ಕಿಲ್ಲ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಇಡ್ಲಿ-ವಡೆ ತಿಂದು, ಒಂದೊಂದೇ ಬಾನೆಟ್ಟು ಎತ್ತಿ ಎಲ್ಲರೂ ಬಗ್ಗಿ ನೋಡುತ್ತೇವೆ. ನನ್ನ ಕಾರಿನ ಒಂದು ದೀಪದ ಸುತ್ತಿನ ಬಳೆ ಎಲ್ಲೂ ಸಿಗದೆ ಅಲೆಯುತ್ತಿದ್ದಾಗ, ಹೆಸರೂ ಸರಿಯಾಗಿ ಗೊತ್ತಿಲ್ಲದ ಸದಸ್ಯರೊಬ್ಬರು ತಮ್ಮ ಅಟ್ಟದಿಂದ ಹುಡುಕಿ ತಂದುಕೊಟ್ಟರು. ದುಡ್ಡು ಕೇಳಲಿಲ್ಲ. "ನಾಳೆ ನನಗೆ ಬೇಕಾದ್ದು ನಿಮ್ಮ ಹತ್ರ ಇರಬಹುದು" ಅಂದರು. ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಸಕ್ಕರೆ ಇಸಿದುಕೊಳ್ಳುವ ಕಾಲ ಹೋಯಿತು ಎಂದು ಕೊರಗುವವರು ಅಲ್ಲಿಗೆ ಒಮ್ಮೆ ಬರಬೇಕು.

ಅಷ್ಟು ಒಳ್ಳೆಯ ಜಾಗವಾದ್ದರಿಂದಲೇ ನನಗೆ ಜಗಳವಾಡಬೇಕೆನಿಸುತ್ತದೆ. ಆ ಭಾನುವಾರಗಳು ಎಲ್ಲಿಂದ ಬರುತ್ತವೆ? ಗಂಡಸು ಶೆಡ್ಡಿನಲ್ಲಿ ಇಡೀ ದಿನ ಕಳೆಯುವಾಗ ಮಕ್ಕಳ ಹೋಂವರ್ಕು, ಅತ್ತೆಯ ಮಾತ್ರೆ, ಬಂದ ನೆಂಟರ ಊಟ ಇವನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ? ರ‍್ಯಾಲಿಗೆ ಪುಳಿಯೋಗರೆ ಕಟ್ಟಿಕೊಡುವವರು ಯಾರು? ಗ್ರೀಸು ಮೆತ್ತಿದ ಬನಿಯನ್ನನ್ನು ಸೋಪು ತಿಕ್ಕಿ ನೆನೆಹಾಕುವವರು ಯಾರು? ಆತ ಕಾರಿಗೆ ಹಾಕಿದ್ದು ಹವ್ಯಾಸ. ಆಕೆ ಒಂದು ಸೀರೆ ಹೆಚ್ಚಿಗೆ ಕೊಂಡರೆ ದುಂದು. ಇಷ್ಟೆಲ್ಲ ಆದ ಮೇಲೆ ಆಕೆಗೆ ಸಿಗುವುದು ಕಾರಿನ ಪಕ್ಕ ರೇಷ್ಮೆ ಸೀರೆಯುಟ್ಟು ನಿಂತು ಫೋಟೋ ತೆಗೆಸಿಕೊಳ್ಳುವ ಭಾಗ್ಯ. ಕ್ರೋಮಿಗೆ ಹಾಕುವ ಪಾಲಿಶ್ ಮುಗಿದ ಮೇಲೆ, ಹೊಳೆಯಲಿಕ್ಕೆ ಇನ್ನೊಂದು ಭಾಗ.

'ಇದೆಲ್ಲ ದುಡ್ಡಿದ್ದವರ ಹುಚ್ಚು, ಹೆಂಗಸರಿಗೆ ಬೇರೆ ಕಷ್ಟಗಳಿಲ್ಲವೆ?' ಎಂದು ನೀವು ಕೇಳಬಹುದು. ಮೆರವಣಿಗೆಯಲ್ಲಿ ಅರಸರ ಕಾಲದ ದೊಡ್ಡ ಕಾರುಗಳು ಬರುವುದು ನಿಜ. ಅವುಗಳ ಪಕ್ಕದಲ್ಲೇ ಫಿಯಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಲ್ಯಾಂಬ್ರೆಟಾ ಸ್ಕೂಟರುಗಳೂ ಬರುತ್ತವೆ. ಮಾಸ್ತರರು, ಡಾಕ್ಟರು, ಕಾಫಿಪುಡಿ ಅಂಗಡಿಯವರು ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಗಾಡಿಗಳು ಅವು. ಅವುಗಳಲ್ಲಿ ಎಷ್ಟಕ್ಕೆ ಹೆಂಗಸರ ಬಂಗಾರ ಕರಗಿದೆಯೋ ಬಲ್ಲವರಾರು? ನಾನು ಖರ್ಚು ಮಾಡಿದ್ದು ನನ್ನ ಪಿಂಚಣಿಯಿಂದ. ನನ್ನ ಮಗಳ ಮದುವೆಗೆ ಛತ್ರದವರು ತೆಗೆದುಕೊಂಡಷ್ಟೂ ಆಗಲಿಲ್ಲ. ಕಷ್ಟಗಳಿವೆ ಎಂದು ಗಂಡಸರು ಹವ್ಯಾಸ ಬಿಟ್ಟಿದ್ದಾರೆಯೆ? ಕಷ್ಟದ ಪಟ್ಟಿ ಮುಗಿದ ಮೇಲೆ ಸಂತೋಷ ಎಂದು ಕೂತರೆ, ನಮ್ಮ ಪಾಲಿನದು ಬರುವುದೇ ಇಲ್ಲ.

ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು, ಚಾಸಿ, ಬಾಡಿ, ಎಂಜಿನ್ನು ತೀರಾ ಬದಲಾಗಿರಬಾರದು. ದಿನದ ಓಡಾಟಕ್ಕೆ ಬಳಸುವಂತಿಲ್ಲ ಎಂದೂ ಇದೆ. ಅದಕ್ಕೇ ನಾನಿನ್ನೂ ಆ ನೋಂದಣಿಗೆ ಹೋಗಿಲ್ಲ. ತರಕಾರಿ ತರಲೂ ನನಗೆ ನನ್ನ ಕಾರು ಬೇಕು. ನಿಯಮವನ್ನೆಲ್ಲ ಓದಿದೆ. ಮಾಲೀಕರು ಗಂಡಸಾಗಿರಬೇಕು ಎಂದು ಎಲ್ಲೂ ಇಲ್ಲ. ಆ ನಿಯಮ ನಮ್ಮ ತಲೆಯೊಳಗಿನ ಪುಸ್ತಕದಲ್ಲಿ ಮಾತ್ರ ಇದೆ.

ಆಹ್ವಾನಪತ್ರಿಕೆಯ ಜೊತೆ ಬಂದ ಫಾರಂ ತುಂಬಿ ಕಳಿಸಿದೆ. 'ಶ್ರೀಮತಿಯವರ ಹೆಸರು' ಎನ್ನುವ ಕಡೆ ನಮ್ಮನೆಯವರ ಹೆಸರು ಬರೆದೆ, ರಂಗೋಲಿ ಸ್ಪರ್ಧೆಗೆ ಗುರುತು ಹಾಕಿದೆ. ಪಾಪ, ಅವರು ಹೋಗಿ ನಾಲ್ಕು ಚುಕ್ಕಿ ಇಟ್ಟೇ ಬಂದರು. ಜನ ನಕ್ಕರು. ನಕ್ಕವರಲ್ಲಿ ಇಬ್ಬರು ಹೆಂಗಸರು ಆಮೇಲೆ ಮೆಲ್ಲಗೆ ನನ್ನ ಕಾರಿನ ಹತ್ತಿರ ಬಂದು, "ಗೇರು ಸ್ಟೀರಿಂಗಿನ ಹತ್ರಾನೇ ಇರುತ್ತಾ? ಒಂದು ಸಲ ಹಾಕಿ ನೋಡಬಹುದಾ?" ಅಂದರು. ಕೂರಿಸಿ ತೋರಿಸಿದೆ. ಕಾರ್ಯದರ್ಶಿಗಳಿಗೆ ಪತ್ರವನ್ನೂ ಬರೆದೆ: ರಂಗೋಲಿ ಬೇಕಾದವರು ಬಿಡಿಸಲಿ, ಗಂಡಸರೂ ಬಿಡಿಸಲಿ, ರಿಪೇರಿ ಕಲಿಸುವ ಒಂದು ಭಾನುವಾರವನ್ನು ಮನೆಯ ಹೆಂಗಸರಿಗೂ ಇಡಿ, ಫಾರಂನಲ್ಲಿ 'ಶ್ರೀಮತಿಯವರ ಹೆಸರು' ತೆಗೆದು 'ಜೊತೆಗೆ ಬರುವವರು' ಎಂದು ಹಾಕಿ. "ಮುಂದಿನ ಸಮಿತಿ ಸಭೆಯಲ್ಲಿ ನೋಡೋಣ ಮೇಡಂ" ಎಂದಿದ್ದಾರೆ. ನೋಡುತ್ತಾರೋ ಇಲ್ಲವೋ, ನಾನಂತೂ ಕೇಳುವುದು ಬಿಡುವುದಿಲ್ಲ.

ಅಮ್ಮನಿಗೀಗ ಎಂಬತ್ತನಾಲ್ಕು. ಕಾರು ಓಡತೊಡಗಿದ ಮೇಲೆ ಮೊದಲ ಸಲ ದೇವರಾಯನದುರ್ಗದ ದಾರಿಯಲ್ಲಿ ಕರೆದುಕೊಂಡು ಹೋದೆ. ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಮುಂದೆ ಕೂರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಿಂದೆ ಕೂತ್ರೆ ರಸ್ತೇನೇ ಕಾಣ್ತಿರಲಿಲ್ಲ ಕಣೇ" ಅಂದಳು.

ನಿಮ್ಮ ಮನೆಯ ಶೆಡ್ಡಿನಲ್ಲೂ ಒಂದು ಹಳೇ ಕಾರೋ ಸ್ಕೂಟರೋ ಧೂಳು ತಿನ್ನುತ್ತಿರಬಹುದು. ಗುಜರಿಯವನನ್ನು ಕರೆಯುವ ಮೊದಲು, ಅದರ ದುಡ್ಡು ಯಾರ ಕೊರಳಿನಿಂದ ಬಂದಿತ್ತು ಎಂದು ಅಮ್ಮನನ್ನೋ ಅತ್ತೆಯನ್ನೋ ಒಮ್ಮೆ ಕೇಳಿ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಾನೆಟ್ಟು ಎತ್ತಿ ನೋಡಿ.